ನಂಟನ್ನು ಅಳೆಯಲು ಹೊರಟವರು

1884ರಲ್ಲಿ ಲಂಡನ್ನಿನ ಸೌತ್ ಕೆನ್ಸಿಂಗ್ಟನ್‌ನಲ್ಲಿ ಅಂತರರಾಷ್ಟ್ರೀಯ ಆರೋಗ್ಯ ಪ್ರದರ್ಶನ ನಡೆದಾಗ ಅದರೊಳಗೆ ಒಂದು ವಿಚಿತ್ರ ಮಳಿಗೆಯಿತ್ತು. ಮೂವತ್ತಾರು ಅಡಿ ಉದ್ದ, ಆರು ಅಡಿ ಅಗಲದ ಇಕ್ಕಟ್ಟಿನ ಜಾಗ. ಮೂರು ಪೆನ್ನಿ ಕೊಟ್ಟು ಒಳಗೆ ಹೋದವರ ಎತ್ತರ, ತೂಕ, ಚಾಚಿದ ತೋಳುಗಳ ಹರವು, ಉಸಿರಿನ ಬಲ, ಕೈಹಿಡಿತದ ಬಿಗಿ, ಗುದ್ದಿನ ವೇಗ, ಕಣ್ಣು ಕಿವಿಗಳ ಚುರುಕು ಎಲ್ಲವನ್ನೂ ಅಳೆದು, ಅಂಕಿಗಳನ್ನು ಬರೆದ ಕಾರ್ಡೊಂದನ್ನು ಕೈಗಿತ್ತು ಕಳಿಸುತ್ತಿದ್ದರು. ಅದರ ಒಂದು ಪ್ರತಿ ಮಳಿಗೆಯಲ್ಲೇ ಉಳಿಯುತ್ತಿತ್ತು. ಪ್ರದರ್ಶನ ಮುಗಿಯುವ ಹೊತ್ತಿಗೆ ಹೀಗೆ ಅಳೆಸಿಕೊಂಡವರು 9,337 ಮಂದಿ. ಸಂಶೋಧನೆಗೆ ಮಾಹಿತಿ ಕೊಟ್ಟವರಿಗೆ ಸಂಶೋಧಕ ಹಣ ಕೊಡುವುದುಂಟು. ಇಲ್ಲಿ ಜನರೇ ದುಡ್ಡು ತೆತ್ತು ತಮ್ಮ ದೇಹದ ಲೆಕ್ಕವನ್ನು ಒಪ್ಪಿಸಿ ಹೋದರು.

ಮಳಿಗೆಯ ಯಜಮಾನ ಫ್ರಾನ್ಸಿಸ್ ಗಾಲ್ಟನ್. ಚಾರ್ಲ್ಸ್ ಡಾರ್ವಿನ್ನನ ಸಂಬಂಧಿ. ಇಬ್ಬರಿಗೂ ಎರಾಸ್ಮಸ್ ಡಾರ್ವಿನ್ ಅಜ್ಜ. ಪಿತ್ರಾರ್ಜಿತ ಆಸ್ತಿ ಬೇಕಾದಷ್ಟಿತ್ತು, ಹೊಟ್ಟೆಪಾಡಿನ ಚಿಂತೆಯಿರಲಿಲ್ಲ. ನೈಋತ್ಯ ಆಫ್ರಿಕಾ ಸುತ್ತಿಬಂದಿದ್ದ, ಪತ್ರಿಕೆಯಲ್ಲಿ ಹವಾಮಾನ ನಕ್ಷೆ ಅಚ್ಚು ಹಾಕಿಸಿದ್ದ. ಕಣ್ಣಿಗೆ ಬಿದ್ದದ್ದನ್ನೆಲ್ಲ ಎಣಿಸುವ ಚಟ. ಪ್ರಾರ್ಥನೆಗೆ ಫಲವುಂಟೇ ಎಂದು ನೋಡಲು 1872ರಲ್ಲಿ ಆತ ಹಿಡಿದ ದಾರಿಯೇ ಸಾಕ್ಷಿ: ಇಡೀ ದೇಶ ಪ್ರತಿ ಭಾನುವಾರ ರಾಜಮನೆತನದವರ ದೀರ್ಘಾಯುಷ್ಯಕ್ಕಾಗಿ ಬೇಡಿಕೊಳ್ಳುತ್ತದೆ, ಆದರೆ ಉಳ್ಳವರ ನಡುವೆ ಅತಿ ಕಡಿಮೆ ಬದುಕುವವರು ರಾಜಮನೆತನದವರೇ ಎಂದು ಆಯುಷ್ಯದ ಪಟ್ಟಿಯನ್ನೇ ಮುಂದಿಟ್ಟ. ಪಾದ್ರಿಗಳು ಸಿಟ್ಟಾದರು. ಗಾಲ್ಟನ್ನನ ಬಹುದೊಡ್ಡ ಹಂಬಲ ಮಾತ್ರ ಬೇರೆಯಿತ್ತು. ಬುದ್ಧಿ, ಪ್ರತಿಭೆ, ಗುಣ ಎಲ್ಲವೂ ರಕ್ತದಲ್ಲೇ ಹರಿದು ಬರುತ್ತವೆಂಬುದು ಆತನ ನಂಬಿಕೆ. ಅದನ್ನು ಅಂಕಿಗಳಲ್ಲಿ ತೋರಿಸಬೇಕಿತ್ತು. ಒಳ್ಳೆಯ ತಳಿಯ ಮನುಷ್ಯರನ್ನು ಬೆಳೆಸುವ ‘ಯೂಜೆನಿಕ್ಸ್’ ಎಂಬ ಹೆಸರನ್ನು 1883ರಲ್ಲಿ ಟಂಕಿಸಿದವನೂ ಆತನೇ.

ಎರಡು ಅಳತೆಗಳ ನಡುವಿನ ನಂಟನ್ನು ಒಂದೇ ಅಂಕಿಯಲ್ಲಿ ಹೇಳುವ ಸಹಸಂಬಂಧದ ವಿಧಾನ ಹುಟ್ಟಿದ್ದು ಈ ಹಂಬಲದ ಬೆನ್ನಲ್ಲಿ. ಮನಶ್ಶಾಸ್ತ್ರದ ವಿದ್ಯಾರ್ಥಿಗಳಿಗೆ ಇಂದು ಮೊದಲ ವರ್ಷವೇ ಕಲಿಸುವ ಪಾಠ ‘ಸಹಸಂಬಂಧ ಎಂದರೆ ಕಾರಣವಲ್ಲ’ ಎಂಬುದು. ಈ ಪಾಠವನ್ನು ಆ ಶಾಸ್ತ್ರ ಕಲಿತದ್ದು ತೀರ ದುಬಾರಿ ಶುಲ್ಕ ಕೊಟ್ಟು.

ಗಾಲ್ಟನ್ ಮೊದಲು ಕೈಹಾಕಿದ್ದು ಎತ್ತರಕ್ಕೆ. 205 ದಂಪತಿಗಳು, ಅವರ ಬೆಳೆದ ಮಕ್ಕಳು 928 ಮಂದಿ. ಇವರ ಎತ್ತರಗಳನ್ನು ಕಲೆಹಾಕಿ 1885–86ರಲ್ಲಿ ಪ್ರಕಟಿಸಿದ. ಹೆಂಗಸರ ಎತ್ತರವನ್ನು 1.08ರಿಂದ ಗುಣಿಸಿ ಗಂಡಸರದಕ್ಕೆ ಸರಿದೂಗಿಸಿಕೊಂಡಿದ್ದ. ತಂದೆತಾಯಿಯ ಸರಾಸರಿ ಎತ್ತರ ಒಂದು ಬದಿಗೆ, ಮಕ್ಕಳದು ಇನ್ನೊಂದು ಬದಿಗೆ ಬರೆದು ಚೌಕಗಳಲ್ಲಿ ತುಂಬಿದಾಗ ಒಂದು ಚಿತ್ರ ಎದ್ದು ಬಂತು. ಜನರ ಸರಾಸರಿಗಿಂತ ಮೂರು ಅಂಗುಲ ಎತ್ತರದ ದಂಪತಿಯ ಮಕ್ಕಳು ಸರಾಸರಿಗಿಂತ ಸುಮಾರು ಎರಡೇ ಅಂಗುಲ ಎತ್ತರ. ಕುಳ್ಳ ದಂಪತಿಯ ಮಕ್ಕಳೂ ಅದೇ ಲೆಕ್ಕದಲ್ಲಿ ನಡುವಿನತ್ತ ಸರಿದಿದ್ದರು. ಹಾಗಾದರೆ ಕೆಲವು ತಲೆಮಾರಿನಲ್ಲಿ ಎಲ್ಲರೂ ಒಂದೇ ಎತ್ತರಕ್ಕೆ ಬಂದುಬಿಡಬೇಕಲ್ಲ? ಬರುವುದಿಲ್ಲ. ಏಕೆಂದರೆ ಪಟ್ಟಿಯನ್ನು ತಿರುಗಿಸಿ ಓದಿದರೆ, ತೀರ ಎತ್ತರದ ಮಕ್ಕಳ ತಂದೆತಾಯಿಯೂ ಸರಾಸರಿಗೆ ಹತ್ತಿರದವರೇ. ಇದು ರಕ್ತದೊಳಗಿನ ಸೆಳೆತವಲ್ಲ, ಅಪೂರ್ಣ ನಂಟುಳ್ಳ ಯಾವ ಎರಡು ಅಳತೆಗಳ ನಡುವೆಯೂ ಕಾಣುವ ಗಣಿತ. ಚೌಕಗಳಲ್ಲಿ ಸಮನಾದ ಸಂಖ್ಯೆಗಳನ್ನು ಗೆರೆಯಿಂದ ಸೇರಿಸಿದಾಗ ಮೊಟ್ಟೆಯಾಕಾರದ ದೀರ್ಘವೃತ್ತಗಳು ಮೂಡಿದವು. ಗಾಲ್ಟನ್ನನ ಗಣಿತ ಅಷ್ಟು ಗಟ್ಟಿಯಿರಲಿಲ್ಲ. ಆತ ಅದನ್ನು ಕೇಂಬ್ರಿಜ್‌ನ ಹ್ಯಾಮಿಲ್ಟನ್ ಡಿಕ್ಸನ್‌ಗೆ ಕಳಿಸಿ ಬಿಡಿಸಿಕೊಂಡ.

ಇಷ್ಟಾದರೂ ಕೈಯಲ್ಲಿದ್ದದ್ದು ತಂದೆಮಕ್ಕಳ ಲೆಕ್ಕವಷ್ಟೇ. ಮುಂದಿನ ಹೆಜ್ಜೆಗೆ ಪ್ಯಾರಿಸ್ಸಿನ ಪೊಲೀಸರ ನೆರವು ಸಿಕ್ಕಿತು ಎನ್ನಬೇಕು. ಅಲ್ಫೋನ್ಸ್ ಬೆರ್ಟಿಲೋನ್ ಅಪರಾಧಿಗಳನ್ನು ಗುರುತಿಸಲು ತಲೆ, ಬೆರಳು, ಮೊಣಕೈ, ಪಾದಗಳನ್ನು ಅಳೆದು ದಾಖಲಿಸುವ ಪದ್ಧತಿ ತಂದಿದ್ದ. ಪ್ರತಿ ಅಳತೆಯೂ ಸ್ವತಂತ್ರ ಸಾಕ್ಷಿಯೆಂಬಂತೆ ಅದರ ಬಳಕೆ ನಡೆದಿತ್ತು. ಉದ್ದ ಕಾಲಿನವನಿಗೆ ಉದ್ದ ಕೈಯೂ ಇರುತ್ತದಲ್ಲ ಎಂಬುದು ಗಾಲ್ಟನ್ನನ ತಕರಾರು. ಎಷ್ಟರ ಮಟ್ಟಿಗೆ? ಎತ್ತರದ ಒಂದು ಅಂಗುಲವನ್ನೂ ಮುಂಗೈಯ ಒಂದು ಅಂಗುಲವನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಹಾಗಾಗಿ ಪ್ರತಿ ಅಳತೆಯೂ ತನ್ನ ನಡುಬೆಲೆಯಿಂದ ಎಷ್ಟು ದೂರವಿದೆ ಎಂಬುದನ್ನು ಆಯಾ ಅಳತೆಯ ಹರವಿನ ಮಾನದಲ್ಲೇ ಎಣಿಸಿದ. ಹಾಗೆ ಎಣಿಸಿದ ಕೂಡಲೇ ತಂದೆಮಕ್ಕಳ ಎತ್ತರದ ಪ್ರಶ್ನೆಯೂ ಕೈಕಾಲಿನ ಉದ್ದದ ಪ್ರಶ್ನೆಯೂ ಒಂದೇ ಆಗಿಬಿಟ್ಟವು. 1888ರ ಡಿಸೆಂಬರಿನಲ್ಲಿ ರಾಯಲ್ ಸೊಸೈಟಿಯ ಮುಂದೆ ಆತ ಓದಿದ ಪ್ರಬಂಧದಲ್ಲಿ ಎತ್ತರಕ್ಕೂ ಮುಂಗೈಗೂ 0.8, ಎತ್ತರಕ್ಕೂ ತಲೆಯ ಉದ್ದಕ್ಕೂ 0.35 ಎಂಬಂಥ ಅಂಕಿಗಳಿದ್ದವು. ಎರಡು ಅಳತೆಗಳು ಹೆಜ್ಜೆಗೆ ಹೆಜ್ಜೆ ಹಾಕಿ ನಡೆದರೆ 1. ಒಂದನ್ನು ತಿಳಿದರೂ ಇನ್ನೊಂದರ ಸುಳಿವು ಸಿಗದಿದ್ದರೆ 0. ಒಂದು ಏರಿದಷ್ಟೂ ಇನ್ನೊಂದು ಅಷ್ಟೇ ಕಟ್ಟುನಿಟ್ಟಾಗಿ ಇಳಿದರೆ −1.

ಈ ಹೊಳಹು ನಾವರ್ತ್ ಕೋಟೆಯ ಆವರಣದಲ್ಲಿ, ಮಳೆಗೆ ಬಂಡೆಯ ಮರೆಯಲ್ಲಿ ನಿಂತಾಗ ಗಾಲ್ಟನ್‌ಗೆ ಹೊಳೆಯಿತೆಂಬ ಕಥೆಯೊಂದು ಬಹಳ ದಿನ ಓಡಾಡಿತು. ಆತನ ಆತ್ಮಕಥೆಯ ಒಂದು ಸಾಲನ್ನು ಶಿಷ್ಯರು ಹಿಗ್ಗಿಸಿದ್ದು ಅದು, ಇತಿಹಾಸಕಾರರು ಈಗ ಅಷ್ಟಾಗಿ ನಂಬುವುದಿಲ್ಲ. ಗಮನಿಸಬೇಕಾದದ್ದು ಬೇರೊಂದು. ಎರಡು ಅಂಗಗಳು ಜೊತೆಯಾಗಿ ಬದಲಾಗುವುದು ಎರಡರ ಹಿಂದೆಯೂ ಭಾಗಶಃ ಒಂದೇ ಕಾರಣಗಳು ಕೆಲಸ ಮಾಡುತ್ತಿರುವುದರಿಂದ ಎಂದು 1888ರ ಆ ಪ್ರಬಂಧದ ಆರಂಭದಲ್ಲೇ ಗಾಲ್ಟನ್ ಬರೆದಿದ್ದ. ಕೈ ಉದ್ದವಾಗಿದ್ದರಿಂದ ಮನುಷ್ಯ ಎತ್ತರವಾಗಲಿಲ್ಲ. ಮುಂದೆ ನೂರು ವರ್ಷ ಮನಶ್ಶಾಸ್ತ್ರಜ್ಞರು ಮರೆತು ಮರೆತು ಕಲಿತ ಎಚ್ಚರಿಕೆ ಹುಟ್ಟಿನಲ್ಲೇ ಇತ್ತು.

ಗಾಲ್ಟನ್ ಕೊಟ್ಟ ಕಚ್ಚಾ ಉಪಾಯಕ್ಕೆ ಗಣಿತದ ಬಿಗಿ ತಂದವನು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಕಾರ್ಲ್ ಪಿಯರ್ಸನ್. ಇಂದು ಎಲ್ಲ ಪಠ್ಯಗಳಲ್ಲೂ ಇರುವ ಗುಣಾಂಕದ ಸೂತ್ರ ಆತನ 1896ರ ಪ್ರಬಂಧದ್ದು. ಜಗಳಗಂಟ, ಅಸಾಧ್ಯ ದುಡಿಮೆಗಾರ, ಎಲ್ಲ ವಿಷಯದಲ್ಲೂ ಖಚಿತ ಅಭಿಪ್ರಾಯವಿದ್ದವನು. ‘ಕಾರಣ’ ಎಂಬ ಮಾತೇ ಹಳೆಯ ಕಾಲದ ಮೂಢನಂಬಿಕೆ, ವಿಜ್ಞಾನಕ್ಕೆ ಬೇಕಾದದ್ದು ನಂಟಿನ ಪ್ರಮಾಣ ಮಾತ್ರ ಎಂಬ ವಾದ ಆತನದು. ಆದರೂ ಈ ಅಂಕಿ ಹೇಗೆ ಮೋಸ ಮಾಡುತ್ತದೆಂದು ಮೊದಲು ತೋರಿಸಿದವರಲ್ಲಿ ಆತನೂ ಒಬ್ಬ. 1899ರಲ್ಲಿ ಪ್ಯಾರಿಸ್ಸಿನ ನೆಲಮಾಳಿಗೆಯ ತಲೆಬುರುಡೆಗಳನ್ನು ಆತನ ತಂಡ ಲೆಕ್ಕ ಹಾಕಿತು. ಗಂಡಸರ ಬುರುಡೆಗಳಲ್ಲಿ ಉದ್ದಕ್ಕೂ ಅಗಲಕ್ಕೂ ನಂಟು ಇಲ್ಲವೆನ್ನುವಷ್ಟು ಕಡಿಮೆ, ಹೆಂಗಸರವುಗಳಲ್ಲೂ ಅಷ್ಟೇ. ಎರಡನ್ನೂ ಒಂದೇ ರಾಶಿಯಲ್ಲಿ ಬೆರೆಸಿದಾಗ 0.2ರ ಹತ್ತಿರದ ನಂಟು ಎಲ್ಲಿಂದಲೋ ಪ್ರತ್ಯಕ್ಷ! ಗಂಡಸರ ಬುರುಡೆ ಉದ್ದವೂ ಹೌದು, ಅಗಲವೂ ಹೌದು; ಬೆರಕೆಯೇ ನಂಟನ್ನು ಹುಟ್ಟಿಸಿತ್ತು.

ಪಿಯರ್ಸನ್ನನ ಪ್ರಯೋಗಾಲಯದ ಅತ್ಯಂತ ಸೊಗಸಾದ ಕಥೆ ಮಾತ್ರ ಆಲಿಸ್ ಲೀ ಎಂಬ ಹೆಣ್ಣುಮಗಳದು. ಹೆಂಗಸರ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದವಳು. ತಲೆ ದೊಡ್ಡದಿದ್ದವರಿಗೆ ಬುದ್ಧಿ ಹೆಚ್ಚು, ಹೆಂಗಸರ ತಲೆ ಚಿಕ್ಕದು, ಆದ್ದರಿಂದ ಬುದ್ಧಿಯೂ ಚಿಕ್ಕದು ಎಂಬುದು ಆ ಕಾಲದ ಘನ ವಿದ್ವಾಂಸರ ಮಾತಾಗಿತ್ತು. ಬದುಕಿರುವವರ ತಲೆಯ ಹೊರ ಅಳತೆಯಿಂದ ಬುರುಡೆಯ ಒಳಗಾತ್ರವನ್ನು ಅಂದಾಜಿಸುವ ಸೂತ್ರವನ್ನು ಆಕೆ ಸಹಸಂಬಂಧದ ಲೆಕ್ಕದಿಂದ ಕಟ್ಟಿದಳು. 1898ರಲ್ಲಿ ಡಬ್ಲಿನ್ನಿನಲ್ಲಿ ಅಂಗರಚನಾ ಶಾಸ್ತ್ರಜ್ಞರ ಸಭೆ ಸೇರಿದಾಗ 35 ಮಹನೀಯರು ತಲೆ ಅಳೆಸಿಕೊಳ್ಳಲು ಒಪ್ಪಿದರು. ಹೆಸರುಗಳ ಸಮೇತ ಗಾತ್ರದ ಅನುಕ್ರಮದಲ್ಲಿ ಪಟ್ಟಿ ಪ್ರಕಟವಾಯಿತು. ಯುರೋಪಿಗೇ ಹೆಸರಾದ ಕೆಲವು ವಿದ್ವಾಂಸರು ಪಟ್ಟಿಯ ಬುಡದಲ್ಲಿದ್ದರು. ಕೆಲವು ಕಾಲೇಜು ಹುಡುಗಿಯರ ತಲೆ ಅವರಿಗಿಂತ ದೊಡ್ಡದು! ತಲೆಯ ಗಾತ್ರಕ್ಕೂ ಬುದ್ಧಿಗೂ ಹೇಳಿಕೊಳ್ಳುವಂಥ ನಂಟಿಲ್ಲ ಎಂಬುದು ಆಕೆಯ ತೀರ್ಮಾನ. ಇದನ್ನೇ ಪದವಿಗಾಗಿ ಪ್ರಬಂಧವಾಗಿ ಒಪ್ಪಿಸಿದಾಗ ಪರೀಕ್ಷಕರು ಮೂಗು ಮುರಿದರು, ಅವರಲ್ಲಿ ಗಾಲ್ಟನ್ನನೂ ಇದ್ದ. ಕಡೆಗೂ ಪದವಿ ಸಿಕ್ಕಿತು. ಈ ಇಡೀ ಇತಿಹಾಸದಲ್ಲಿ ಸಹಸಂಬಂಧವನ್ನು ಅತ್ಯಂತ ಚೊಕ್ಕವಾಗಿ ಬಳಸಿದ್ದು ಯಾರು ಎಂದರೆ ಮೊದಲು ನೆನಪಾಗಬೇಕಾದ ಹೆಸರು ಆಕೆಯದು.

ಪಿಯರ್ಸನ್ನನೇ ಆ ಎಚ್ಚರವನ್ನು ಕೈಬಿಟ್ಟದ್ದೂ ಉಂಟು. 1903ರ ಉಪನ್ಯಾಸವೊಂದರಲ್ಲಿ ಆತ ಅಣ್ಣತಮ್ಮಂದಿರು, ಅಕ್ಕತಂಗಿಯರ ದೇಹದ ಅಳತೆಗಳಲ್ಲಿ ಸುಮಾರು 0.5ರ ನಂಟನ್ನು ತೋರಿಸಿದ. ಶಾಲಾ ಶಿಕ್ಷಕರು ಬರೆದುಕೊಟ್ಟ ಸ್ವಭಾವ, ಬುದ್ಧಿ, ಆತ್ಮವಿಶ್ವಾಸದ ಅಂದಾಜುಗಳಲ್ಲೂ ಹತ್ತಿರಹತ್ತಿರ ಅಷ್ಟೇ ಬಂದಿತ್ತು. ಅಂಕಿ ಒಂದೇ, ಆದ್ದರಿಂದ ಕಾರಣವೂ ಒಂದೇ, ಬುದ್ಧಿಯೂ ಕಣ್ಣಿನ ಬಣ್ಣದಂತೆ ಹುಟ್ಟಿನಿಂದಲೇ ಬರುತ್ತದೆ ಎಂದು ಸಾರಿದ. ಒಂದೇ ಮನೆ, ಒಂದೇ ಊಟ, ಒಂದೇ ಗದರಿಕೆಯಲ್ಲಿ ಬೆಳೆದ ಮಕ್ಕಳವು. ಅಣ್ಣನನ್ನು ಕಂಡ ಕಣ್ಣಿನಿಂದಲೇ ತಮ್ಮನಿಗೂ ಗುಣ ಹಾಕುವ ಮೇಷ್ಟರು. ಕಾರಣವೆಂಬ ಮಾತನ್ನೇ ಹೊರಗಟ್ಟಿದವನು ತನಗೆ ಬೇಕಾದ ಕಾರಣವನ್ನು ಹಿಂಬಾಗಿಲಿನಿಂದ ಒಳಗೆ ಕರೆದುಕೊಂಡಿದ್ದ.

ಅಷ್ಟರಲ್ಲಿ ವಿಧಾನ ಅಟ್ಲಾಂಟಿಕ್ ದಾಟಿತ್ತು. ಜೇಮ್ಸ್ ಮೆಕೀನ್ ಕ್ಯಾಟೆಲ್ ಜರ್ಮನಿಯ ಲೈಪ್ಜಿಗ್‌ನಲ್ಲಿ ವಿಲ್ಹೆಲ್ಮ್ ವುಂಟ್‌ನ ಬಳಿ ಪ್ರಯೋಗ ಕಲಿತು, ಲಂಡನ್ನಿನಲ್ಲಿ ಗಾಲ್ಟನ್ನನ ಪ್ರಭಾವಕ್ಕೆ ಬಿದ್ದು, ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯ ಸೇರಿದ. ‘ಮಾನಸಿಕ ಪರೀಕ್ಷೆ’ ಎಂಬ ಹೆಸರನ್ನು 1890ರಲ್ಲಿ ಚಾಲ್ತಿಗೆ ತಂದವನು ಆತ. ಹೊಸ ವಿದ್ಯಾರ್ಥಿಗಳ ಹಿಡಿತ, ನೋವಿನ ಮಿತಿ, ಶಬ್ದ ಕೇಳಿ ಕೈ ಆಡಿಸಲು ಹಿಡಿಯುವ ಸಮಯ ಎಲ್ಲವನ್ನೂ ವರ್ಷಗಟ್ಟಲೆ ಅಳೆದಿಟ್ಟ. ಚುರುಕು ಇಂದ್ರಿಯವೇ ಚುರುಕು ಬುದ್ಧಿಯ ಬೇರು ಎಂಬ ನಂಬಿಕೆ. ಕ್ಲಾರ್ಕ್ ವಿಸ್ಲರ್ ಎಂಬ ಅವನದೇ ಶಿಷ್ಯ 1901ರಲ್ಲಿ ಈ ರಾಶಿಗೆ ಪಿಯರ್ಸನ್ನನ ಸೂತ್ರ ಹಚ್ಚಿದ. ಪ್ರತಿಕ್ರಿಯೆಯ ವೇಗಕ್ಕೂ ತರಗತಿಯ ಸ್ಥಾನಕ್ಕೂ ಬಂದ ನಂಟು −0.02. ಲ್ಯಾಟಿನ್ ಅಂಕಕ್ಕೂ ಗ್ರೀಕ್ ಅಂಕಕ್ಕೂ 0.75. ವ್ಯಾಯಾಮಶಾಲೆಯ ಅಂಕ ಕೂಡ ತರಗತಿಯ ಸ್ಥಾನವನ್ನು 0.53ರಷ್ಟು ಹೇಳುತ್ತಿತ್ತು. ಗುರುವಿನ ಹತ್ತು ವರ್ಷಗಳ ದುಡಿಮೆ ಶಿಷ್ಯನ ಒಂದು ಪಟ್ಟಿಯಲ್ಲಿ ಮುಳುಗಿತು. ವಿಸ್ಲರ್ ಮಾನವಶಾಸ್ತ್ರದ ಕಡೆಗೆ ಹೊರಟುಹೋದ.

ಲೆಕ್ಕ ಸರಿಯಿತ್ತು, ಓದು ಅವಸರದ್ದು. ಆಯ್ದು ತೆಗೆದ ಕಾಲೇಜು ಹುಡುಗರಲ್ಲಿ ಬುದ್ಧಿಯ ವ್ಯತ್ಯಾಸವೇ ಕಡಿಮೆ. ವ್ಯತ್ಯಾಸ ಕಡಿಮೆಯಿದ್ದಲ್ಲಿ ನಂಟು ಕುಗ್ಗಿ ಕಾಣುತ್ತದೆ. ಪ್ರತಿಯೊಬ್ಬನ ಪ್ರತಿಕ್ರಿಯೆಯನ್ನು ಅಳೆದದ್ದೂ ಕೆಲವೇ ಸಲ. ಸಹಸಂಬಂಧ ಸೊನ್ನೆ ಬಂದಿತೆಂದರೆ ನಂಟು ಇಲ್ಲವೆಂದೇ ಅಲ್ಲ, ಅಳತೆಗೋಲು ಅಲುಗಾಡುತ್ತಿರಬಹುದು.

ಈ ಅಲುಗಾಟವನ್ನೇ ಹಿಡಿದು ಸಿದ್ಧಾಂತ ಕಟ್ಟಿದವನು ಚಾರ್ಲ್ಸ್ ಸ್ಪಿಯರ್‌ಮನ್. ಬ್ರಿಟಿಷ್ ಸೈನ್ಯದಲ್ಲಿ ಅಧಿಕಾರಿಯಾಗಿ ಬರ್ಮಾ ಯುದ್ಧ ಕಂಡವನು, ಮೂವತ್ತು ದಾಟಿದ ಮೇಲೆ ರಾಜೀನಾಮೆ ಕೊಟ್ಟು ಲೈಪ್ಜಿಗ್‌ಗೆ ಹೋಗಿ ವಿದ್ಯಾರ್ಥಿಯಾದ. ಬೋಯರ್ ಯುದ್ಧ ಮತ್ತೆ ಕರೆಸಿಕೊಂಡಿತು. ಓದಿಗೆ ಬಿದ್ದ ಆ ಬಿಡುವಿನಲ್ಲಿ ಇಂಗ್ಲೆಂಡಿನ ಹಳ್ಳಿಯೊಂದರ ಶಾಲಾ ಮಕ್ಕಳನ್ನು ಕೂರಿಸಿಕೊಂಡು ಸ್ವರದ ಏರಿಳಿತ, ಬೆಳಕಿನ ಅಂತರ, ತೂಕದ ವ್ಯತ್ಯಾಸ ಗುರುತಿಸಲು ಹೇಳಿದ. ಅವರ ಶಾಲೆಯ ಜಾಣತನವನ್ನು ಮೇಷ್ಟರಿಂದ, ಶಾಲೆಯಾಚೆಗಿನ ಜಾಣತನವನ್ನು ಮಕ್ಕಳನ್ನು ಬಲ್ಲವರಿಂದ ಕೇಳಿ ತಿಳಿದ. ವಿಸ್ಲರ್ ಇದೇ ದಾರಿಯಲ್ಲಿ ಹೋಗಿ ಕೈಚೆಲ್ಲಿದ್ದು ಆಗ ಆತನಿಗೆ ಗೊತ್ತೇ ಇರಲಿಲ್ಲ. ಗೊತ್ತಿದ್ದರೆ ಕೆಲಸಕ್ಕೆ ಕೈ ಹಾಕುತ್ತಿರಲಿಲ್ಲವೆಂದು ಮುಂದೆ ಹೇಳಿಕೊಂಡ. 1904ರಲ್ಲಿ ಅಮೆರಿಕದ ಮನಶ್ಶಾಸ್ತ್ರ ಪತ್ರಿಕೆಯಲ್ಲಿ ಆತನ ಎರಡು ಪ್ರಬಂಧಗಳು ಬಂದವು. ಅಳತೆಯ ದೋಷ ನಂಟನ್ನು ಕುಗ್ಗಿಸುತ್ತದೆ, ಆ ದೋಷವನ್ನು ಲೆಕ್ಕದಲ್ಲಿ ಸರಿಪಡಿಸಬಹುದು ಎಂಬುದು ಒಂದು. ಶಾಲೆಯ ಎಲ್ಲ ವಿಷಯಗಳೂ ಒಂದರೊಡನೊಂದು ಸಹಸಂಬಂಧ ತೋರಿಸುವುದು ಅವುಗಳ ಹಿಂದೆ ‘ಜಿ’ ಎಂಬ ಒಂದೇ ಸಾಮಾನ್ಯ ಬುದ್ಧಿಶಕ್ತಿ ಇರುವುದರಿಂದ ಎಂಬುದು ಇನ್ನೊಂದು.

ಮೊದಲನೆಯದು ಇಂದಿಗೂ ನಿಂತಿದೆ. ಎರಡನೆಯದರ ಜಗಳ ಇನ್ನೂ ಮುಗಿದಿಲ್ಲ. ಗಾಡ್‌ಫ್ರಿ ಥಾಮ್ಸನ್ 1916ರಲ್ಲೇ ದಾಳಗಳನ್ನು ಉರುಳಿಸಿ ತೋರಿಸಿಬಿಟ್ಟ: ಯಾವ ಸಾಮಾನ್ಯ ಶಕ್ತಿಯೂ ಇಲ್ಲದೆ, ಹಲವಾರು ಸಣ್ಣ ಅಂಶಗಳು ಅಡ್ಡಾದಿಡ್ಡಿಯಾಗಿ ಹಂಚಿಹೋಗಿದ್ದರೂ ಸ್ಪಿಯರ್‌ಮನ್ ಕಂಡಂಥದೇ ಪಟ್ಟಿ ಹುಟ್ಟುತ್ತದೆ. ನಂಟಿನ ಪಟ್ಟಿ ಒಂದೇ, ಅದಕ್ಕೆ ಹೊಂದುವ ಕಥೆಗಳು ಎರಡು. ಸ್ಪಿಯರ್‌ಮನ್‌ನ 1904ರ ಲೆಕ್ಕಗಳಲ್ಲಿ ತಪ್ಪುಗಳೂ ಇದ್ದವೆಂದು 1985ರಲ್ಲಿ ಇತಿಹಾಸಕಾರ ರೇಮಂಡ್ ಫ್ಯಾಂಚರ್ ಎತ್ತಿ ತೋರಿಸಿದ.

ಈ ಕಥೆಯ ಒಂದು ಎಳೆ ನೇರವಾಗಿ ಮೈಸೂರಿಗೆ ಬರುತ್ತದೆ. ಲಂಡನ್ನಿನಲ್ಲಿ ಸ್ಪಿಯರ್‌ಮನ್‌ರ ಬಳಿ ಡಾಕ್ಟರೇಟ್ ಮಾಡಿದ ಎಂ. ವಿ. ಗೋಪಾಲಸ್ವಾಮಿ ಅವರು ಮೈಸೂರು ವಿಶ್ವವಿದ್ಯಾಲಯದಲ್ಲಿ 1924ರಲ್ಲಿ ಆರಂಭವಾದ ಮನಶ್ಶಾಸ್ತ್ರ ವಿಭಾಗವನ್ನು ಕಟ್ಟಿ ಬೆಳೆಸಿದರು. ಕಲ್ಕತ್ತೆಯ ನಂತರ ದೇಶದಲ್ಲೇ ಅತಿ ಹಳೆಯ ವಿಭಾಗಗಳಲ್ಲಿ ಇದೊಂದು. ಗೋಪಾಲಸ್ವಾಮಿಯವರ ಹೆಸರು ಕನ್ನಡಿಗರಿಗೆ ಗೊತ್ತಿರುವುದು ಬೇರೆ ಕಾರಣಕ್ಕೆ: 1935ರಲ್ಲಿ ತಮ್ಮ ಮನೆಯಲ್ಲೇ ರೇಡಿಯೋ ಕೇಂದ್ರ ತೆರೆದು ‘ಆಕಾಶವಾಣಿ’ ಎಂಬ ಹೆಸರನ್ನು ಗಾಳಿಗೆ ಬಿಟ್ಟವರು ಅವರು. ಬುದ್ಧಿಮಾಪನ ಪರೀಕ್ಷೆಗಳು ಕನ್ನಡಕ್ಕೂ ಬಂದವು. ಮಕ್ಕಳ ಬುದ್ಧಿಯನ್ನು ಅಳೆಯಲು ಫ್ರಾನ್ಸಿನಲ್ಲಿ ಹುಟ್ಟಿದ ಬಿನೆ ಪರೀಕ್ಷೆಯನ್ನು ವಿ. ವಿ. ಕಾಮತರು ಕನ್ನಡ, ಮರಾಠಿ ಮಾತಾಡುವ ಮಕ್ಕಳಿಗೆ ಒಗ್ಗಿಸಿ 1940ರಲ್ಲಿ ಪುಸ್ತಕವಾಗಿ ತಂದರು; ಬಿನೆ–ಕಾಮತ್ ಪರೀಕ್ಷೆಯ ಹೆಸರು ನಮ್ಮ ಆಸ್ಪತ್ರೆಗಳಲ್ಲಿ ಈಗಲೂ ಕೇಳುತ್ತದೆ. ಪ್ಯಾರಿಸ್ಸಿನ ಮಗುವಿಗೆ ಮಾಡಿದ ಪ್ರಶ್ನೆಯನ್ನು ಹಾಗೆಹಾಗೇ ಇಲ್ಲಿನ ಮಗುವಿಗೆ ಕೇಳಬಾರದೆಂಬ ತಿಳಿವು ಇಂಥ ಕೆಲಸದ ಹಿಂದಿತ್ತು.

ಅಮೆರಿಕದಲ್ಲಿ ಆ ತಿಳಿವಿಗೆ ಬರಗಾಲ. ಮೊದಲ ಮಹಾಯುದ್ಧದಲ್ಲಿ ಸುಮಾರು 17 ಲಕ್ಷ ಸೈನಿಕರಿಗೆ ಬುದ್ಧಿಪರೀಕ್ಷೆ ಕೊಟ್ಟಿದ್ದರು. ಓದುಬರಹ ಬಾರದವರಿಗೆಂದೇ ಮಾಡಿದ ಚಿತ್ರಪರೀಕ್ಷೆಯಲ್ಲಿ ಟೆನಿಸ್ ಅಂಗಳದ ಚಿತ್ರ ತೋರಿಸಿ ಇಲ್ಲಿ ಏನು ಕಾಣೆಯಾಗಿದೆ ಎಂದು ಕೇಳುತ್ತಿದ್ದರು. ಬಲೆ ಎಂದು ಹೇಳಲು ಟೆನಿಸ್ ಕಂಡಿರಬೇಕಲ್ಲ, ಸಿಸಿಲಿಯ ರೈತನ ಮಗ ಎಲ್ಲಿ ಕಂಡಿದ್ದಾನು? ಪ್ರಿನ್ಸ್‌ಟನ್ನಿನ ಕಾರ್ಲ್ ಬ್ರಿಗಮ್ 1923ರಲ್ಲಿ ಈ ಅಂಕಿಗಳನ್ನು ಬಿಡಿಸಿದ. ವಲಸಿಗರಲ್ಲಿ ಅಮೆರಿಕಕ್ಕೆ ಬಂದು ಹೆಚ್ಚು ವರ್ಷವಾದವರಿಗೆ ಹೆಚ್ಚು ಅಂಕ. ಇಪ್ಪತ್ತು ವರ್ಷ ದಾಟಿದವರು ಅಲ್ಲೇ ಹುಟ್ಟಿದವರಿಗೆ ಸಮ. ನಂಟು ಹಾಡಹಗಲಿನಷ್ಟು ಸ್ಪಷ್ಟ. ಭಾಷೆ, ರೂಢಿ ಕಲಿತಷ್ಟೂ ಅಂಕ ಏರುತ್ತದೆ ಎಂದು ಯಾವ ಮಗುವಾದರೂ ಹೇಳುತ್ತಿತ್ತು. ಬ್ರಿಗಮ್ ಓದಿದ್ದು ತಿರುವುಮುರುವಾಗಿ: ಮೊದಲು ಬಂದವರು ಉತ್ತಮ ತಳಿ, ಈಚೆಗೆ ದಕ್ಷಿಣ ಮತ್ತು ಪೂರ್ವ ಯುರೋಪಿನಿಂದ ಬರುತ್ತಿರುವವರು ಕೀಳು ತಳಿ! ತನ್ನ ಕೋಳಿ ಕೂಗಿದ್ದರಿಂದಲೇ ಊರಿಗೆ ಬೆಳಗಾಯಿತೆಂದ ಮುದುಕಿಗಾದರೂ ಸಮಯದ ಕ್ರಮವೊಂದು ಆಧಾರವಾಗಿತ್ತು. ಬ್ರಿಗಮ್‌ಗೆ ಅದೂ ಇರಲಿಲ್ಲ. ಮರುವರ್ಷ, 1924ರಲ್ಲಿ, ಅದೇ ದೇಶಗಳಿಂದ ಬರುವವರಿಗೆ ಬಾಗಿಲು ಮುಚ್ಚುವ ವಲಸೆ ಕಾಯಿದೆ ಅಮೆರಿಕದಲ್ಲಿ ಜಾರಿಗೆ ಬಂತು. ಕಾಯಿದೆಗೆ ಆತನ ಪುಸ್ತಕ ಒಂದೇ ಕಾರಣವೆಂದರೆ ನಾವೂ ಅದೇ ತಪ್ಪು ಮಾಡಿದಂತಾದೀತು. ಆ ರಾಜಕೀಯ ಮೊದಲೇ ಕುದಿಯುತ್ತಿತ್ತು. 1930ರಲ್ಲಿ ಬ್ರಿಗಮ್ ತನ್ನ ವಾದವನ್ನು ಬಹಿರಂಗವಾಗಿ ಹಿಂತೆಗೆದುಕೊಂಡ, ಅದು ಆತನ ದೊಡ್ಡತನ. ಕಾಯಿದೆ ಹಿಂದೆ ಹೋಗಲಿಲ್ಲ.

ಇತ್ತ ಲಂಡನ್ನಿನಲ್ಲಿ ಪಿಯರ್ಸನ್ನನ ಹಳೆಯ ಶಿಷ್ಯ ಉಡ್ನಿ ಯೂಲ್ 1926ರಲ್ಲಿ ಒಂದು ತಮಾಷೆಯ ಲೆಕ್ಕ ಮುಂದಿಟ್ಟ. 1866ರಿಂದ 1911ರವರೆಗೆ ಇಂಗ್ಲೆಂಡಿನಲ್ಲಿ ಒಟ್ಟು ಮದುವೆಗಳಲ್ಲಿ ಆಂಗ್ಲಿಕನ್ ಚರ್ಚಿನಲ್ಲಿ ನಡೆದವುಗಳ ಪಾಲು ಎಷ್ಟು, ಸಾವಿನ ಪ್ರಮಾಣ ಎಷ್ಟು ಎಂದು ಜೋಡಿಸಿದಾಗ ಬಂದ ಸಹಸಂಬಂಧ 0.95. ಚರ್ಚಿನಲ್ಲಿ ಮದುವೆಯಾಗುವುದನ್ನು ಬಿಟ್ಟರೆ ಸಾವು ಕಡಿಮೆಯಾದೀತೆ? ಕಾಲದ ಜೊತೆಗೆ ಇಳಿಯುತ್ತಿರುವ ಯಾವ ಎರಡು ಗೆರೆಗಳನ್ನು ಪಕ್ಕದಲ್ಲಿಟ್ಟರೂ ಹೀಗೇ ಆಗುತ್ತದೆಂದು ಆತ ಗಣಿತದಿಂದ ವಿವರಿಸಿದ. ಮೊಬೈಲಿಗೂ ಮಕ್ಕಳ ಖಿನ್ನತೆಗೂ, ಹಾಲಿನ ಬಳಕೆಗೂ ಮಧುಮೇಹಕ್ಕೂ ಗಂಟು ಹಾಕುವ ಇಂದಿನ ಎಷ್ಟೋ ವರದಿಗಳ ಪಕ್ಕದಲ್ಲಿ ಆ ಪ್ರಬಂಧವನ್ನು ಇಟ್ಟು ಓದುವುದು ಒಳ್ಳೆಯದು.

ಹಾಗಾದರೆ ಈ ವಿಧಾನವನ್ನೇ ಬಿಟ್ಟು ಪ್ರಯೋಗಗಳನ್ನಷ್ಟೇ ಮಾಡಿದರಾಗದೆ? ಮನಶ್ಶಾಸ್ತ್ರದಲ್ಲಿ ಆಗದು. ಏಟು ತಿಂದ ಮಕ್ಕಳು ಹೇಗೆ ಬೆಳೆಯುತ್ತಾರೆಂದು ತಿಳಿಯಲು ಅರ್ಧ ಮಕ್ಕಳಿಗೆ ಹೊಡೆದು ಅರ್ಧ ಮಕ್ಕಳನ್ನು ಬಿಟ್ಟು ನೋಡಲಾಗುವುದಿಲ್ಲ. ಬಡತನ, ತಾಯಿಯ ಸಾವು, ಸ್ವಭಾವ, ವಯಸ್ಸು ಇವನ್ನು ಸಂಶೋಧಕ ಹಂಚಲಾರ. ಲೋಕ ಹಂಚಿದ್ದನ್ನು ಎಣಿಸಬಲ್ಲ, ಅಷ್ಟೇ. ಲೀ ಕ್ರೋನ್‌ಬಾಕ್ 1957ರಲ್ಲಿ ಅಮೆರಿಕದ ಮನಶ್ಶಾಸ್ತ್ರ ಸಂಘದ ಅಧ್ಯಕ್ಷ ಭಾಷಣದಲ್ಲಿ ಈ ಶಾಸ್ತ್ರ ಎರಡು ಮನೆಯಾಗಿ ಒಡೆದಿದೆ, ಪ್ರಯೋಗದವರು ಸಹಸಂಬಂಧದವರೊಡನೆ ಮಾತನ್ನೇ ಆಡುವುದಿಲ್ಲ ಎಂದು ಬೇಸರಪಟ್ಟು, ಎರಡನ್ನೂ ಒಂದುಗೂಡಿಸಲು ಕರೆ ಕೊಟ್ಟ.

ಮೂಕವಾದ ಅಂಕಿಯಿಂದ ದಿಕ್ಕನ್ನು ಹೇಳಿಸುವ ಒಂದು ಜಾಣ ಯತ್ನ ಟಿವಿಯ ವಿಷಯದಲ್ಲಿ ನಡೆಯಿತು. ಲೆನರ್ಡ್ ಎರಾನ್ ಮತ್ತು ಸಂಗಡಿಗರು 1960ರಲ್ಲಿ ನ್ಯೂಯಾರ್ಕ್ ರಾಜ್ಯದ ಗ್ರಾಮೀಣ ಪ್ರದೇಶವೊಂದರ ಮೂರನೇ ತರಗತಿಯ ಎಂಟುನೂರಕ್ಕೂ ಹೆಚ್ಚು ಮಕ್ಕಳನ್ನು ಪರಿಶೀಲಿಸಿದರು. ಹೊಡೆದಾಟದ ಕಾರ್ಯಕ್ರಮ ಇಷ್ಟಪಡುವ ಹುಡುಗರು ಶಾಲೆಯಲ್ಲೂ ಜಗಳಗಂಟರು. ಟಿವಿ ಹುಡುಗನನ್ನು ಕೆಡಿಸಿತೋ, ಜಗಳಗಂಟ ಹುಡುಗ ಅಂಥ ಟಿವಿಯನ್ನು ಹುಡುಕಿಕೊಂಡನೋ? ಹತ್ತು ವರ್ಷ ಕಾದು 427 ಮಂದಿಯನ್ನು ಮತ್ತೆ ಪತ್ತೆ ಹಚ್ಚಿದರು. ಎಂಟರ ವಯಸ್ಸಿನ ಟಿವಿ ರುಚಿಗೂ ಹತ್ತೊಂಬತ್ತರ ಆಕ್ರಮಣಶೀಲತೆಗೂ ಹುಡುಗರಲ್ಲಿ 0.31 ನಂಟು, ಎಂಟರ ಆಕ್ರಮಣಶೀಲತೆಗೂ ಹತ್ತೊಂಬತ್ತರ ಟಿವಿ ರುಚಿಗೂ 0.01. 1972ರಲ್ಲಿ ಫಲಿತಾಂಶ ಬಂದಾಗ ದಿಕ್ಕು ಸಿಕ್ಕಿತೆಂದು ಹಲವರು ಸಂಭ್ರಮಿಸಿದರು. ಹುಡುಗಿಯರಲ್ಲಿ ಮಾತ್ರ ಅಂಥ ನಂಟು ಕಾಣಲಿಲ್ಲ. ಹೀಗೆ ಅಡ್ಡಡ್ಡ ಹೋಲಿಸುವ ಲೆಕ್ಕವೇ ತಪ್ಪು ದಾರಿಗೆ ಎಳೆಯಬಲ್ಲದೆಂದು 1980ರಲ್ಲಿ ಡೇವಿಡ್ ರೊಗೋಸಾ ತೋರಿಸಿದ. ಆದರೂ ಯಾವುದು ಮೊದಲು, ಯಾವುದು ಆಮೇಲೆ ಎಂದು ಹತ್ತು ವರ್ಷ ಕಾಯುವ ತಾಳ್ಮೆ ಆ ತಂಡಕ್ಕಿತ್ತು. ಇವತ್ತಿನ ಆನ್‌ಲೈನ್ ಪ್ರಶ್ನಾವಳಿಯ ಕಾಲದಲ್ಲಿ ಅದು ಸಣ್ಣ ಮಾತಲ್ಲ.

ಲಂಡನ್ನಿನಲ್ಲಿ ಸ್ಪಿಯರ್‌ಮನ್‌ನ ಪೀಠಕ್ಕೆ ಬಂದವನು ಸಿರಿಲ್ ಬರ್ಟ್. ಬ್ರಿಟನ್ನಿನಲ್ಲಿ ‘ಸರ್’ ಪದವಿ ಪಡೆದ ಮೊದಲ ಮನಶ್ಶಾಸ್ತ್ರಜ್ಞ. ಹುಟ್ಟುತ್ತಲೇ ಬೇರೆಯಾಗಿ ಬೇರೆ ಬೇರೆ ಮನೆಗಳಲ್ಲಿ ಬೆಳೆದ ಏಕರೂಪಿ ಅವಳಿಗಳ ಬುದ್ಧಿಯನ್ನು ಅಳೆದು, ಬುದ್ಧಿ ಬಹುಪಾಲು ಹುಟ್ಟಿನಿಂದ ಬರುತ್ತದೆಂದು ವಾದಿಸಿದ. 1955ರಲ್ಲಿ 21 ಜೋಡಿಗಳ ಲೆಕ್ಕ ಕೊಟ್ಟ, ಸಹಸಂಬಂಧ 0.771. 1958ರಲ್ಲಿ ಜೋಡಿಗಳು ಮೂವತ್ತು ದಾಟಿದವು, ಸಹಸಂಬಂಧ 0.771. 1966ರಲ್ಲಿ 53 ಜೋಡಿ, ಮತ್ತೆ 0.771! ಹೊಸ ಜೋಡಿಗಳು ಸೇರಿದಂತೆ ಮೂರನೇ ದಶಮಾಂಶವಾದರೂ ಅಲುಗಬೇಡವೇ? ಈ ಪ್ರಬಂಧಗಳನ್ನು ಓದಿದ, ಉದ್ಧರಿಸಿದ ವಿದ್ವಾಂಸರು ಹಲವರು. ಬರ್ಟ್ 1971ರಲ್ಲಿ ತೀರಿಕೊಂಡ ಮೇಲೆ ಅಮೆರಿಕದ ಲಿಯಾನ್ ಕಾಮಿನ್ ಈ ಅಂಕಿಗೆ ಬೆರಳಿಟ್ಟ. 1976ರಲ್ಲಿ ಲಂಡನ್ನಿನ ಪತ್ರಕರ್ತ ಆಲಿವರ್ ಗಿಲಿ, ಬರ್ಟ್‌ನ ಇಬ್ಬರು ಸಹಾಯಕಿಯರೆಂದು ಪ್ರಬಂಧಗಳಲ್ಲಿ ಕಾಣುವ ಮಹಿಳೆಯರನ್ನು ಹುಡುಕಿ ಸಿಗದೆ ಮುಖಪುಟದಲ್ಲೇ ಬರೆದ. 1979ರಲ್ಲಿ ಜೀವನಚರಿತ್ರೆಕಾರ ಲೆಸ್ಲಿ ಹರ್ನ್‌ಶಾ, ಮೊದಲಿಗೆ ಬರ್ಟ್‌ನ ಅಭಿಮಾನಿಯಾಗಿದ್ದವನೇ, ವಂಚನೆ ನಡೆದಿದೆ ಎಂದು ತೀರ್ಮಾನಿಸಿದ. ಹತ್ತು ವರ್ಷದ ಮೇಲೆ ಬರ್ಟ್‌ನ ಪರವಾಗಿಯೂ ಪುಸ್ತಕಗಳು ಬಂದವು. ಅಂಕಿಗಳನ್ನು ಮಾತ್ರ ಯಾರೂ ಮತ್ತೆ ನಂಬಲಿಲ್ಲ.

ಇಲ್ಲಿಯವರೆಗೆ ನೋಡಿದ್ದು ನಂಟನ್ನು ಕಾರಣವೆಂದು ತಿಳಿದವರ ಕಥೆ. ಅದರ ಮಗ್ಗುಲಲ್ಲೇ ಇನ್ನೊಂದು ಅಪಾಯವಿದೆ. ಸಿಗರೇಟಿಗೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವ ನಂಟನ್ನು ರಿಚರ್ಡ್ ಡಾಲ್, ಬ್ರಾಡ್‌ಫರ್ಡ್ ಹಿಲ್ 1950ರಲ್ಲಿ ತೋರಿಸಿದಾಗ, ಶತಮಾನದ ಶ್ರೇಷ್ಠ ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್ ಪೈಪು ಸೇದುತ್ತಲೇ ಅದನ್ನು ಅಲ್ಲಗಳೆದ: ನಂಟು ಕಾರಣವಲ್ಲ, ಸೇದುವ ಚಪಲಕ್ಕೂ ಕ್ಯಾನ್ಸರಿಗೂ ಒಂದೇ ಹುಟ್ಟುಗುಣ ಕಾರಣವಿರಬಹುದು. ಬರ್ಟ್‌ನ ಶಿಷ್ಯ ಹ್ಯಾನ್ಸ್ ಐಸೆಂಕ್ ಆ ಹುಟ್ಟುಗುಣಕ್ಕೆ ‘ವ್ಯಕ್ತಿತ್ವ’ ಎಂದು ಹೆಸರಿಟ್ಟು 1965ರಲ್ಲಿ ಪುಸ್ತಕ ಬರೆದ. ತಂಬಾಕು ಕಂಪನಿಗಳ ಹಣವೂ ಆತನ ಸಂಶೋಧನೆಗೆ ಬಂತು. ಮೂರನೆಯ ಕಾರಣವಿರಬಹುದು ಎಂಬುದು ಗಾಲ್ಟನ್ನನ ಕಾಲದಿಂದ ಬಂದ ನ್ಯಾಯವಾದ ಪ್ರಶ್ನೆ. ಅದನ್ನು ಕೇಳಿ ಸುಮ್ಮನೆ ಕೂತರೆ ಅದು ನೆಪ. ಜೆರೋಮ್ ಕಾರ್ನ್‌ಫೀಲ್ಡ್ 1959ರಲ್ಲಿ ಆ ನೆಪಕ್ಕೆ ಬೆಲೆ ಕಟ್ಟಿದ: ಸೇದುವವರಲ್ಲಿ ಕ್ಯಾನ್ಸರ್ ಒಂಬತ್ತು ಪಟ್ಟು ಹೆಚ್ಚಿದ್ದು ಅದಕ್ಕೆಲ್ಲ ಗುಪ್ತ ಗುಣವೇ ಕಾರಣವಾದರೆ, ಆ ಗುಣ ಸೇದುವವರಲ್ಲಿ ಕಡೇ ಪಕ್ಷ ಒಂಬತ್ತು ಪಟ್ಟು ಹೆಚ್ಚಿರಬೇಕು, ಎಲ್ಲಿದೆ, ತೋರಿಸಿ. ಯಾರೂ ತೋರಿಸಲಿಲ್ಲ. ಸಾವಿರಾರು ವೈದ್ಯರನ್ನು ವರ್ಷಗಟ್ಟಲೆ ಹಿಂಬಾಲಿಸಿದಾಗ, ಸೇದುವುದನ್ನು ಬಿಟ್ಟವರ ಅಪಾಯ ಇಳಿಯುತ್ತ ಹೋದದ್ದೂ ಕಂಡಿತು. ಒಂದೇ ಒಂದು ಮನುಷ್ಯ ಪ್ರಯೋಗವಿಲ್ಲದೆ, ನಂಟುಗಳ ಮೇಲೆ ನಂಟು ಪೇರಿಸಿ, ಕಾರಣ ಸಾಬೀತಾಯಿತು.

ಐಸೆಂಕ್‌ನ ಲೆಕ್ಕ ತೀರಿದ್ದು ತಡವಾಗಿ. ವ್ಯಕ್ತಿತ್ವಕ್ಕೂ ಕ್ಯಾನ್ಸರಿಗೂ ನಂಬಲಾಗದಷ್ಟು ಬಲವಾದ ನಂಟನ್ನು ತೋರಿಸಿ ಆತ ಸಹಲೇಖಕನೊಡನೆ ಬರೆದ 26 ಪ್ರಬಂಧಗಳು ವಿಶ್ವಾಸಕ್ಕೆ ಅರ್ಹವಲ್ಲ ಎಂದು ಲಂಡನ್ನಿನ ಕಿಂಗ್ಸ್ ಕಾಲೇಜಿನ ವಿಚಾರಣೆ 2019ರಲ್ಲಿ ಹೇಳಿತು. ಅಷ್ಟರಲ್ಲಿ ಐಸೆಂಕ್ ತೀರಿಕೊಂಡು ಇಪ್ಪತ್ತೆರಡು ವರ್ಷವಾಗಿತ್ತು. ಮರುವರ್ಷದ ಜೂನ್‌ನಲ್ಲಿ ಯೂನಿವರ್ಸಿಟಿ ಕಾಲೇಜು, ಯೂಜೆನಿಕ್ಸ್ ಜೊತೆಗಿನ ತನ್ನ ಹಳೆಯ ನಂಟಿನ ವಿಚಾರಣೆ ನಡೆಸಿದ ಬಳಿಕ, ಗಾಲ್ಟನ್ ಉಪನ್ಯಾಸ ಮಂದಿರಕ್ಕೂ ಪಿಯರ್ಸನ್ ಕಟ್ಟಡಕ್ಕೂ ಇದ್ದ ಹೆಸರುಗಳನ್ನು ತೆಗೆದುಹಾಕಿತು. ಒಂದು ಕೋಣೆಗೆ ಈಗ ಬರೀ ಸಂಖ್ಯೆಯಿದೆ, ಕಟ್ಟಡಕ್ಕೆ ದಿಕ್ಕಿನ ಹೆಸರಿದೆ. ಗುಣಾಂಕವನ್ನು ಮಾತ್ರ ಮನಶ್ಶಾಸ್ತ್ರದ ಪಠ್ಯಗಳೂ ಕಂಪ್ಯೂಟರ್ ತಂತ್ರಾಂಶಗಳೂ ಇಂದಿಗೂ ಪಿಯರ್ಸನ್ನನ ಹೆಸರಿನಲ್ಲೇ ಕರೆಯುತ್ತವೆ.